ಗ್ವಾಟೆಮಾಲಾ ನಗರದಲ್ಲಿ ನನ್ನ ಹೆಂಡತಿಯ ನೂಲು

ಜತ್ತದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲು ನಿಂತರೆ ಈಗಲೂ ಯಾರಾದರೊಬ್ಬರು ಕೇಳುತ್ತಾರೆ, "ಏನಪಾ, ಆ ದೇಶದಾಗ ಏನೇನ ನೋಡಿ ಬಂದಿ?" ನಾನು ಹೇಳುತ್ತೇನೆ. ಹಸಿರು ಕಲ್ಲಿನ ಅರಮನೆ ನೋಡಿದೆ, ನೆಲದೊಳಗಿನ ಸಂತೆ ನೋಡಿದೆ, ಒಂದು ದೇಶವನ್ನೇ ಸಿಮೆಂಟಿನಲ್ಲಿ ಮಾಡಿಟ್ಟಿದ್ದಾರೆ, ಅದನ್ನೂ ನೋಡಿದೆ. ಕೇಳಿದವರು ಬಾಯಿ ತೆರೆದುಕೊಂಡು ಕೇಳುತ್ತಾರೆ. ಚಹಾದ ದುಡ್ಡನ್ನೂ ಅವರೇ ಕೊಡುತ್ತಾರೆ. ಆದರೆ ಅಲ್ಲಿ ನೋಡಿದ್ದನ್ನೆಲ್ಲ ನಾನು ಒಬ್ಬ ಮನುಷ್ಯನ ಬೆನ್ನ ಹಿಂದೆ ನಿಂತು ನೋಡಿದೆ ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಮುಂದೆ ಅವನ ಬಿಳಿ ಟೊಪ್ಪಿಗೆ, ಅದರ ಪಕ್ಕದಲ್ಲಿ ನನ್ನ ಹೆಂಡತಿಯ ಸೆರಗು. ಅರಮನೆಗಿಂತ ಅವೆರಡೇ ನನಗೆ ಚೆನ್ನಾಗಿ ನೆನಪಿವೆ.

ನಾನು ಕಂಬಳಿ ನೇಯುವವನು. ಊರು ಕರಜಗಿಯ ಕಡೆ. ನಮ್ಮದು ಕುರಿಯವರ ಮನೆತನ. ಅಣ್ಣತಮ್ಮಂದಿರು ಕುರಿಯ ಹಿಂದೆ ಹೋದರು, ನಾನು ಮಗ್ಗದ ಕುಣಿಯೊಳಗೆ ಇಳಿದೆ. ನಮ್ಮ ಮಗ್ಗ ನೆಲದ ಮಟ್ಟಕ್ಕೆ ಇರುತ್ತದೆ. ನೇಯುವವನು ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂಡಬೇಕು. ಐದನೇ ಇಯತ್ತೆಗೆ ಸಾಲಿ ಬಿಟ್ಟೆ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಮಾಸ್ತರರು ಹಲಗೆಯ ಮೇಲೆ ಬರೆದದ್ದಕ್ಕಿಂತ ಅಪ್ಪ ಎಳೆ ಎಣಿಸಿ ತೋರಿಸಿದ್ದು ನನಗೆ ಬೇಗ ತಿಳಿಯುತ್ತಿತ್ತು. ಇವತ್ತಿಗೂ ಈ ತಾಲೂಕಿನಲ್ಲಿ ಅಂಚು ನೋಡಿಯೇ "ಇದು ಅವನ ಕೈಯಿಂದು" ಎಂದು ನನ್ನ ಕಂಬಳಿಯನ್ನು ಗುರುತು ಹಿಡಿಯುವವರಿದ್ದಾರೆ. ಮಳೆಯಲ್ಲಿ ಹೊದ್ದು ಕೂತರೆ ನೀರು ಒಳಗೆ ಇಳಿಯುವುದಿಲ್ಲ. ಇದು ಬಡಾಯಿಯಲ್ಲ, ಬೇಕಾದರೆ ಕುರಿಗಾರರನ್ನು ಕೇಳಿ.

ನಮ್ಮಲ್ಲಿ ಹೆಂಗಸರು ನೂಲು ತೆಗೆಯುತ್ತಾರೆ, ಗಂಡಸರು ನೇಯುತ್ತಾರೆ. ಗಂಜಿ ಹಚ್ಚುವಾಗ ಮಾತ್ರ ಇಬ್ಬರೂ ಬೇಕು. ಮಗ್ಗಕ್ಕೆ ಏರುವ ಮೊದಲು ಎಳೆಗಳನ್ನೆಲ್ಲ ಮನೆ ಮುಂದಿನ ಓಣಿಯಲ್ಲಿ ಉದ್ದಕ್ಕೆ ಬಿಗಿದು ಕಟ್ಟುತ್ತೇವೆ, ಅದೇ ಹಾಸು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸಿದ ಗಂಜಿಯನ್ನು ಅದಕ್ಕೆ ಹಚ್ಚಬೇಕು. ಈ ಕಡೆ ಅವಳು, ಆ ಕಡೆ ನಾನು, ಇಬ್ಬರ ಕೈಯಲ್ಲೂ ಒಂದೊಂದು ಕುಂಚ. ಒಂದು ತುದಿಯಿಂದ ಇನ್ನೊಂದು ತುದಿಗೆ ಜೊತೆಜೊತೆಗೆ ನಡೆಯಬೇಕು, ಒಬ್ಬರು ಹಿಂದೆ ಬಿದ್ದರೆ ಗಂಜಿ ಗಂಟು ಕಟ್ಟುತ್ತದೆ. ಮದುವೆಯಾದ ಹೊಸದರಲ್ಲಿ ಮನೆಯೊಳಗೆ ಹಿರಿಯರ ಮುಂದೆ ನಾವಿಬ್ಬರೂ ಮಾತಾಡುವಂತಿರಲಿಲ್ಲ. ಮಾತೆಲ್ಲ ಆಗಿದ್ದು ಆ ಓಣಿಯಲ್ಲಿ, ಎಳೆಗಳ ಆಚೆ ಈಚೆ ನಿಂತು.

ಈಗ ನಮ್ಮ ಕಡೆ ಕರಿ ಉಣ್ಣೆಯ ಕುರಿ ಕಡಿಮೆಯಾಗಿದೆ. ಮಾಂಸಕ್ಕೆ ಬೆಲೆ ಬರುತ್ತದೆಂದು ಎಲ್ಲರೂ ಬಿಳಿ ಮೈಮೇಲೆ ಕೆಂಪು ಮಚ್ಚೆಯ ದೊಡ್ಡ ಕುರಿ ಸಾಕುತ್ತಾರೆ. ಅದರ ಮೈಮೇಲೆ ಉಣ್ಣೆ ಹುಡುಕಬೇಕು. ಹೀಗಿರುವಾಗ ನನ್ನ ಹೆಂಡತಿ ಹಟ ಹಿಡಿದು, ತವರಿನ ಹಿಂಡಿನ ಕರಿ ಮರಿಗಳ ಮೊದಲ ಕತ್ತರಿಯ ಉಣ್ಣೆ ತಂದಳು. ಅದಕ್ಕೆ ನಾವು ಜವಳ ಎನ್ನುತ್ತೇವೆ. ಕೂಸಿನ ತಲೆಗೂದಲಿನಷ್ಟು ಮೆತ್ತಗೆ ಇರುತ್ತದೆ. ಅದನ್ನು ಹಿಂಜಿ, ರಾಟಿಗೆ ಕೂತು, ಕೂದಲೆಳೆಯ ಹಾಗೆ ನೂಲು ತೆಗೆದಳು. ಅಂಥ ನೂಲನ್ನು ನನ್ನ ಅವ್ವ ಕೂಡ ತೆಗೆದದ್ದು ನಾನು ನೋಡಿಲ್ಲ. ಚೆನ್ನಾಗಿದ್ದುದರಿಂದಲೇ ಅದನ್ನು ಎತ್ತಿಟ್ಟೆ. ಆರ್ಡರಿನ ಕಂಬಳಿಗಳ ನಡುವೆ ಅವಸರದಲ್ಲಿ ನೇಯುವ ನೂಲಲ್ಲ ಅದು. ಪುರುಸೊತ್ತಾಗಿ ಕೂತು ನೇಯೋಣ ಎಂದೆ. ಪುರುಸೊತ್ತು ಸಿಗಲಿಲ್ಲ, ದುಡಿಯುವವನಿಗೆ ಅದು ಎಲ್ಲಿಂದ ಸಿಗಬೇಕು?

ಅಷ್ಟರಲ್ಲಿ ನಮ್ಮ ಕಂಬಳಿ ಕೊಳ್ಳುವ ಪುಣೆಯ ಮಂದಿ ಬಂದು, ದೂರದ ದೇಶದಲ್ಲಿ ನೇಕಾರರದೊಂದು ಕೂಟ ಇದೆ, ಗಂಡಹೆಂಡತಿ ಇಬ್ಬರೂ ಬನ್ನಿ, ಖರ್ಚು ಅವರದೇ ಎಂದರು. ಅಮೆರಿಕದ ಕೆಳಗೆ, ಎರಡು ಸಮುದ್ರಗಳ ನಡುವೆ ಇರುವ ಸಣ್ಣ ದೇಶ, ಅದರ ರಾಜಧಾನಿ. ಹೆಂಡತಿಯ ಪಾಸ್‌ಪೋರ್ಟು ನನ್ನದಕ್ಕಿಂತ ಮೊದಲೇ ಬಂತು. ಆಗಲೇ ನಾನು ಹುಷಾರಾಗಬೇಕಿತ್ತು. ಅವಳು ರಾಟಿ ಬಿಚ್ಚಿ ಕಂಬಳಿಯಲ್ಲಿ ಸುತ್ತಿಕೊಂಡಳು. ಅದರ ಜೊತೆಗೆ ಜವಳದ ನೂಲಿನ ಉಂಡೆಗಳನ್ನೂ ತುಂಬಿದಳು. "ಅದ್ಯಾಕ?" ಎಂದೆ. "ನೋಡಿದವರು ನೋಡ್ಲಿ ತಗೋರಿ" ಎಂದಳು.

ಅಲ್ಲಿ ನಮ್ಮನ್ನು ಇಳಿಸಿದ್ದು ನಡುವೆ ಅಂಗಳ, ಸುತ್ತ ಕಂಬಗಳಿದ್ದ ಹಳೆಯ ಕಟ್ಟಡದಲ್ಲಿ. ಮಾತು ದಾಟಿಸಲು ಒಬ್ಬ ಮ್ಯಾಡಂ ಇದ್ದಳು. ಮೂಲ ಸೊಲ್ಲಾಪುರದವಳು, ಮದುವೆಯಾಗಿ ಅಲ್ಲಿಯೇ ನಿಂತವಳು. ಅವಳಿಗೆ ಕನ್ನಡ ಮರಾಠಿ ಎರಡೂ ಬರುತ್ತಿದ್ದವು, ಆ ದೇಶದ ಸ್ಪ್ಯಾನಿಷೂ ಬರುತ್ತಿತ್ತು. ನನ್ನನ್ನು ಕಾಕಾ, ನನ್ನ ಹೆಂಡತಿಯನ್ನು ಕಾಕೂ ಎನ್ನುತ್ತಿದ್ದಳು.

ಮೊದಲನೆಯ ದಿನವೇ ನನಗೊಂದು ಮಗ್ಗ ತೋರಿಸಿದರು. ಎತ್ತರದ ಮರದ ಮಗ್ಗ. ಹಲಗೆಯ ಮೇಲೆ ಹತ್ತಿ ಕೂತು ಕಾಲಿನಿಂದ ತುಳಿಯಬೇಕು. ಕೂತು ನೋಡಿದೆ. ಕಾಲು ನೆಲಕ್ಕಿಂತ ಕೆಳಗೆ ಇಳಿಯಬೇಕು ಅನ್ನುತ್ತಿತ್ತು, ಅಲ್ಲಿ ನೆಲವೇ ಕೆಳಗಿತ್ತು. ಇಳಿದುಬಿಟ್ಟೆ. "ಮ್ಯಾಡಂ, ನಾ ಕುಣಿಯೊಳಗ ಕುಂತು ನೇಯಾಂವ, ಗಿಡಾ ಹತ್ತಿ ನೇಯಾಂವ ಅಲ್ಲ. ಒಂದು ಗುದ್ದಲಿ ಕೊಡ್ಸ್ರಿ, ಈ ಅಂಗಳದಾಗ ಕುಣಿ ತೋಡ್ತೀನಿ" ಎಂದೆ. ಅವಳು ಹೋಗಿ ಕೇಳಿ ಬಂದಳು. ಹಾಸುಗಲ್ಲು ಹಳೆಯ ಕಾಲದವು, ಕೀಳುವಂತಿಲ್ಲವಂತೆ.

ಹೀಗೆ ನಾನು ಕೈ ಕಟ್ಟಿಕೊಂಡು ಕೂತೆ. ನನ್ನ ಹೆಂಡತಿ ರಾಟಿ ಜೋಡಿಸಿದಳು. ಅಷ್ಟೇ, ಜಾತ್ರೆ ಕೂಡಿದ ಹಾಗೆ ಮಂದಿ ಕೂಡಿತು. ಬಣ್ಣಬಣ್ಣದ ರವಿಕೆ ತೊಟ್ಟ ಆ ದೇಶದ ಹೆಂಗಸರು ಅವಳ ಸುತ್ತ ನೆಲದ ಮೇಲೆ ಕೂತರು. ಒಬ್ಬಳು ಅವಳ ಬಳೆ ಮುಟ್ಟಿದಳು, ಇನ್ನೊಬ್ಬಳು ಕುಂಕುಮ ಕೇಳಿದಳು. ಇವಳು ಕನ್ನಡದಲ್ಲಿ ಮಾತಾಡಿದಳು, ಅವರು ಅವರ ಮಾತಿನಲ್ಲಿ ಉತ್ತರ ಕೊಟ್ಟರು, ಎಲ್ಲರೂ ನಕ್ಕರು. ಹೆಂಗಸರಾದರೆ ನನಗೇನು?

ಆ ಮಂದಿಯಲ್ಲಿ ಅವನೂ ಇದ್ದ.

ನನ್ನ ವಯಸ್ಸಿನವನೇ. ಗಿಡ್ಡ ಆಳು, ಗಟ್ಟಿ ಹೆಗಲು. ಬೆಟ್ಟದ ಕಡೆಯ ಊರಿನಿಂದ ಬಂದ ಕಂಬಳಿ ನೇಕಾರ, ನಾನು ಇಳಿದುಬಿಟ್ಟ ಆ ಎತ್ತರದ ಮಗ್ಗದ ಮೇಲೆ ನೇಯುವವನು ಅವನೇ. ನಮ್ಮ ಹಾಗೆಯೇ ಅವನಿಗೂ ಮನೆಯ ಮಾತು ಬೇರೆ, ಪೇಟೆಯ ಮಾತು ಬೇರೆ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ರಾಟಿಯ ಪಕ್ಕದಲ್ಲಿ ಕೂತು, ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವನ ಕಂಬಳಿಗಳನ್ನು ಗೋಡೆಗೆ ತೂಗುಹಾಕಿದ್ದರು. ಬೂದು, ಬಿಳಿ, ನಡುನಡುವೆ ಹಕ್ಕಿಗಳು. ನೇಯ್ದ ಮೇಲೆ ಬಿಸಿನೀರಿನ ಊಟೆಗೆ ಒಯ್ದು ತುಳಿತುಳಿದು ತೊಳೆಯುತ್ತಾರಂತೆ, ಅದಕ್ಕೇ ಅಷ್ಟು ದಪ್ಪ. ಯಾರೂ ನೋಡದಾಗ ಹೋಗಿ ಅಂಚು ಹಿಡಿದು ನೋಡಿದೆ. ಕೆಟ್ಟದಾಗಿದ್ದರೆ ನನಗೆ ತೊಂದರೆಯೇ ಇರುತ್ತಿರಲಿಲ್ಲ.

ಕೂಟದ ನಡುವೆ ಒಂದು ದಿನ ಊರು ನೋಡಲು ಬಿಟ್ಟರು. ನಾವಿಬ್ಬರು, ಮ್ಯಾಡಂ, ಜೊತೆಗೆ ಅವನು. ಅವನನ್ನು ಯಾರು ಕರೆದರೋ ಗೊತ್ತಿಲ್ಲ. "ಅವರೂ ಹಳ್ಳಿಯವರ ಕಾಕಾ, ಅವರೂ ಊರ ನೋಡಿಲ್ಲಂತ" ಎಂದಳು ಮ್ಯಾಡಂ.

ಮೊದಲು ಊರ ನಡುವಿನ ದೊಡ್ಡ ಬಯಲಿಗೆ ಹೋದೆವು. ಒಂದು ಕಡೆ ಇಗರ್ಜಿ, ಇನ್ನೊಂದು ಕಡೆ ಅರಮನೆ, ನಡುವೆ ಪಾರಿವಾಳಗಳು. ನಮ್ಮ ಚಳಿಗಾಲದ ಬೆಳಗಿನಂಥ ಹವೆ. ದೂರದಲ್ಲಿ ಮೊನಚು ಬೆಟ್ಟಗಳು. ಒಂದರ ತುದಿಯಲ್ಲಿ ಹೊಗೆ ಏಳುತ್ತಿತ್ತು. ಅಲ್ಲಿಯವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅರಮನೆ ಪೂರ್ತಿ ಹಸಿರು. ನನ್ನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನೋಡಿ, "ಅಯ್ಯ, ಹೆಸರಕಾಳಿನ ಬಣ್ಣ ಐತ್ ನೋಡ್ರಿ" ಎಂದಳು. ನನಗೆ ಹೇಳಿದ ಮಾತು ಅದು. ನಾನು ಏನಾದರೂ ಅನ್ನುವಷ್ಟರಲ್ಲಿ ಮ್ಯಾಡಂ ಅದನ್ನು ಅವನಿಗೆ ದಾಟಿಸಿದಳು. ಅವನು ಬಾಯಿ ತುಂಬ ನಕ್ಕು ಏನೋ ಹೇಳಿದ.

"ಇಲ್ಲಿ ಮಂದಿನೂ ಅದಕ್ಕ ಅಡ್ಡಹೆಸರ ಇಟ್ಟಾರಂತ ಕಾಕೂ. ಬೆಣ್ಣಿಹಣ್ಣಿನ ಚಟ್ನಿ ಅಂತಾರಂತ!"

ಇವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅವಳು ಎಸೆದ ಮಾತನ್ನು ಅವನು ಹಿಡಿದು ಮರಳಿ ಎಸೆದಿದ್ದ, ನಾನು ನಡುವೆ ಕಂಬದ ಹಾಗೆ ನಿಂತಿದ್ದೆ. "ಅರಮನಿ ಅಂದ್ರ ಅರಮನಿ, ಅದರಾಗ ಚಟ್ನಿ ಯಾಕ?" ಎಂದೆ. ಯಾರೂ ದಾಟಿಸಲಿಲ್ಲ.

ಒಳಗೆ ಮೆಟ್ಟಿಲು, ಕಮಾನು, ಬಣ್ಣದ ಗಾಜು ಎಲ್ಲ ಇದ್ದವು. ನಾನು ನೋಡಿದ್ದು, ಮೆಟ್ಟಿಲು ಹತ್ತುವಾಗ ಅವಳ ಕೈಚೀಲ ಅವನ ಕೈಗೆ ಹೋಗಿದ್ದನ್ನು. ನಾನೇ ಹೊರಬೇಕಿತ್ತು ಎಂದು ನೀವು ಅನ್ನಬಹುದು. ಮದುವೆಯಾದಾಗಿನಿಂದ ಅವಳು ಎಂದೂ ಚೀಲ ಹೊರಲು ಕೊಟ್ಟವಳಲ್ಲ, ನಾನು ಕೇಳಿದವನೂ ಅಲ್ಲ.

ಅರಮನೆಯ ಮುಂದೆ ಒಬ್ಬ ಹೆಂಗಸು ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಸಣ್ಣ ರೊಟ್ಟಿ ತಟ್ಟುತ್ತಿದ್ದಳು. ಎರಡೂ ಅಂಗೈ ನಡುವೆ ಚಟಚಟ ಸದ್ದು. ನನ್ನ ಹೆಂಡತಿ ನಿಂತು ನೋಡಿ, "ಎಕ್ಕಾ, ಒಂದೀಟ ಹಿಟ್ಟ ಕೊಡು" ಎಂದು ಕನ್ನಡದಲ್ಲೇ ಕೇಳಿ ಹಿಟ್ಟು ಇಸಿದುಕೊಂಡಳು. ನಮ್ಮ ಜೋಳದ ರೊಟ್ಟಿಯಷ್ಟು ಅಗಲ ಬಡಿದಳು. ಒಲೆಯ ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಅವನು ಆ ರೊಟ್ಟಿಯನ್ನು ಕರಿ ಕಾಳಿನ ಪಲ್ಯೆಯ ಜೊತೆ ತಿಂದ, ಕಣ್ಣು ಮುಚ್ಚಿ ತಿಂದ. ನನಗೆ ಸಿಕ್ಕಿದ್ದು ಆ ಹೆಂಗಸು ತಟ್ಟಿದ ರೊಟ್ಟಿ.

ಅಲ್ಲಿಂದ ಬಣ್ಣ ಬಳಿದ ಹಳೆ ಬಸ್ಸಿನಲ್ಲಿ ಕೂತು, ಊರ ಅಂಚಿನ ತೋಟಕ್ಕೆ ಹೋದೆವು. ಅಲ್ಲಿ ಆ ದೇಶದ ನಕಾಶೆಯನ್ನು ನೆಲದ ಮೇಲೆ ಸಿಮೆಂಟಿನಲ್ಲಿ ಮಾಡಿದ್ದಾರೆ. ಒಂದು ಹೊಲದಷ್ಟು ದೊಡ್ಡದು. ಬೆಟ್ಟಗಳು ಎದೆಯೆತ್ತರಕ್ಕೆ ಎದ್ದಿವೆ, ಹಳ್ಳಗಳು ಗೆರೆಯಂತೆ ಇಳಿದಿವೆ, ಎರಡೂ ಕಡೆ ಸಮುದ್ರದ ಜಾಗದಲ್ಲಿ ನೀಲಿ. ನೋಡಲೆಂದು ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದಾರೆ. ಅವನು ಬೆಟ್ಟಗಳ ನಡುವೆ ಬೆರಳು ತೋರಿಸಿ ತನ್ನ ಊರು ಎಲ್ಲಿದೆ ಎಂದು ಹೇಳಲು ಸುರು ಮಾಡಿದ. ನನಗೆ ಅವನ ಊರಿನ ಗೊಡವೆ ಬೇಡವಾಗಿತ್ತು. "ನಾ ಮ್ಯಾಲ ಹೋಗಿ ನೋಡ್ತೀನಿ" ಎಂದು ಒಬ್ಬನೇ ಹತ್ತಿದೆ. ಯಾರಾದರೂ ಜೊತೆಗೆ ಬರುತ್ತಾರೆ ಎಂದುಕೊಂಡಿದ್ದೆ. ಯಾರೂ ಬರಲಿಲ್ಲ.

ಮೇಲಿನಿಂದ ದೇಶ ಚೆನ್ನಾಗಿ ಕಾಣುತ್ತಿತ್ತು. ಅದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವರು ಕೆಳಗೆ ಕಟ್ಟೆಯ ಮೇಲೆ ಕೂತ ಅವರು. ನಡುವೆ ಮ್ಯಾಡಂ, ಆಚೆ ಈಚೆ ಅವರಿಬ್ಬರು. ಅವನು ಏನೋ ಹೇಳುತ್ತಿದ್ದ, ತಲೆ ತಗ್ಗಿಸಿಕೊಂಡು. ನನ್ನ ಹೆಂಡತಿ ಚೀಲಕ್ಕೆ ಕೈ ಹಾಕಿ, ಜವಳದ ನೂಲಿನ ಉಂಡೆಯೊಂದನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಎಳೆ ಎಳೆದು ನೋಡಿದ. ಆಮೇಲೆ ಕೆನ್ನೆಗೆ ಹಿಡಿದುಕೊಂಡ.

ನೇಕಾರ ನೂಲನ್ನು ಪರೀಕ್ಷೆ ಮಾಡುವುದೇ ಹಾಗೆ. ಕೈ ಒರಟಾಗಿರುತ್ತದೆ, ಕೆನ್ನೆಯೇ ನಿಜ ಹೇಳುತ್ತದೆ. ನಾನೂ ಹಾಗೆಯೇ ಮಾಡುತ್ತೇನೆ. ಆದರೆ ನನ್ನ ಹೆಂಡತಿ ತೆಗೆದ ನೂಲನ್ನು ನನ್ನ ಕೆನ್ನೆ ಬಿಟ್ಟು ಬೇರೆ ಕೆನ್ನೆಗೆ ಹಿಡಿದದ್ದನ್ನು ಅಷ್ಟು ವರ್ಷಗಳಲ್ಲಿ ನಾನು ನೋಡಿದ್ದು ಅದೇ ಮೊದಲು. ಅಟ್ಟಣಿಗೆಯ ಕಬ್ಬಿಣದ ಸರಳನ್ನು ಹಿಡಿದು ನಿಂತೆ. ಅವನು ಉಂಡೆಯನ್ನು ಬೇಗ ಕೆಳಗಿಡಲೂ ಇಲ್ಲ.

ಇಳಿದು ಬಂದು ಹೆಂಡತಿಯನ್ನು ಬದಿಗೆ ಕರೆದು ಕೇಳಿದೆ, "ಏನ್ ಅಷ್ಟ್ ಮಾತು?"

"ಅವನ ಹೆಣ್ತಿ ತೀರಕೊಂಡಾಳಂತ್ರಿ. ಮನ್ಯಾಗ ಆಕಿನ ನೂಲ ತಗೀತಿದ್ಲಂತ. ಈಗ ಮಿಲ್ಲಿನ ನೂಲ ತಂದು ನೇಯ್ತಾನಂತ. ಅದರಾಗ ಜೀವ ಇರೂದಿಲ್ಲ ಅಂದ."

"ಅದಕ್ಕ ನೀ ಏನಂದಿ?"

"ಏನಂತೀನ್ರಿ? ಪಾಪ ಅಂದೆ."

ಕುಣಿಯಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದು, ಹಾಸಿಗೆಯಿಂದ ಏಳಲಾಗದೆ ಬಿದ್ದಾಗಲೂ ಇವಳು ಪಾಪ ಅಂದವಳಲ್ಲ. ಎಣ್ಣೆ ಕಾಸಿ ತಂದು ತಿಕ್ಕಿದಳು, ಅಷ್ಟೇ.

ಮಧ್ಯಾಹ್ನದ ಮೇಲೆ ಇಗರ್ಜಿಯ ಹಿಂದಿನ ಸಂತೆಗೆ ಬಂದೆವು. ಹೊರಗಿನಿಂದ ಸಂತೆ ಕಾಣುವುದೇ ಇಲ್ಲ; ಮೆಟ್ಟಿಲಿಳಿದು ನೆಲದೊಳಗೆ ಹೋಗಬೇಕು. ಒಳಗೆ ಹೂವು, ಹಣ್ಣು, ಬುಟ್ಟಿ, ಬಟ್ಟೆ, ಮೆಣಸಿನಕಾಯಿಯ ಘಾಟು. ಜತ್ತದ ಸಂತೆಯನ್ನು ಕಾಳು ತುಂಬುವ ಹಗೇವಿನೊಳಗೆ ಇಳಿಸಿದ ಹಾಗಿತ್ತು. ಒಂದು ಅಂಗಡಿಯ ಮುಂದೆ ನನ್ನ ಹೆಂಡತಿ ಗಕ್ಕನೆ ನಿಂತಳು. ಕಂದು ಬಣ್ಣದ ಮುದ್ದೆಗಳನ್ನು ಸಾಲಾಗಿ ಇಟ್ಟಿದ್ದರು.

"ಹುಣಸಿಹಣ್ಣ ರೀ!"

ಹೌದು, ಹುಣಸೆಹಣ್ಣೇ. ಅಲ್ಲಿ ಪಾನಕ ಮಾಡಿ ಕುಡಿಯುತ್ತಾರಂತೆ. ಊರಿನವರು ಯಾರೋ ಸಿಕ್ಕ ಹಾಗೆ ನನಗೂ ಖುಷಿಯಾಯಿತು. ಅವಳು ಒಂದನ್ನು ಮುರಿದು, ಒಳಗೆ ಬೀಜ ಇದೆಯೇ ನೋಡಿ, ಮುದ್ದೆಯ ಮೇಲೆ ಮುದ್ದೆ ಚೀಲಕ್ಕೆ ತುಂಬತೊಡಗಿದಳು.

"ಸಾರಿಗೆ ಇಷ್ಟ್ಯಾಕ ಬೇಕು?" ಎಂದೆ.

"ಸಾರಿಗಲ್ರಿ. ಬೀಜ ಬೇಕಾಗ್ಯಾವ."

ನೇಕಾರರ ಮನೆಯಲ್ಲಿ ಹುಣಸೆಬೀಜ ಬೇಕು ಅಂದರೆ ಗಂಜಿಗೆ. ಗಂಜಿ ಬೇಕು ಅಂದರೆ ಹಾಸಿನ ಎಳೆಗಳಿಗೆ. ಹಾಸು ಬೇಕು ಅಂದರೆ ಮಗ್ಗಕ್ಕೆ. ನನ್ನ ಮಗ್ಗ ಸಮುದ್ರಗಳ ಆಚೆ ಇತ್ತು. ಇನ್ನು ಉಳಿದದ್ದು ಯಾರ ಮಗ್ಗ ಎಂಬುದನ್ನು ತಿಳಿಯಲು ನನಗೆ ಆರನೇ ಇಯತ್ತೆ ಬೇಕಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಅವನು ಬೇರಿನ ನಾರಿನ ಎರಡು ಬ್ರಶ್ಶುಗಳನ್ನು ಆರಿಸುತ್ತಿದ್ದ. ಕುಂಚದ ಬದಲಿಗೆ! ಅಷ್ಟರ ಮಟ್ಟಿಗೆ ಮಾತು ಮುಂದೆ ಹೋಗಿತ್ತು.

ಮರಳಿ ಬರುವ ಬಸ್ಸಿನಲ್ಲಿ ನಾನು ಮ್ಯಾಡಂ ಪಕ್ಕ ಕೂತೆ. ನಮ್ಮ ಹಿಂದಿನ ಸೀಟಿನಲ್ಲಿ ಅವನು, ಅದರ ಹಿಂದಿನದರಲ್ಲಿ ನನ್ನ ಹೆಂಡತಿ.

"ಮ್ಯಾಡಂ, ಅವಗ ಒಂದ ಮಾತ ಹೇಳ್ರಿ. ನಮ್ಮಲ್ಲಿ ಒಂದು ಶಾಸ್ತ್ರ ಐತಿ. ಹೆಣ್ತಿ ತಗದ ನೂಲು ಗಂಡನ ಮಗ್ಗ ಬಿಟ್ಟು ಬ್ಯಾರೇದವರ ಮಗ್ಗ ಏರಬಾರದು. ಏರಿದ್ರ ದೇವರು ಮುನೀತಾನ."

ಪಾಪದ ಹುಡುಗಿ, ನಂಬಿದಳು. ತಿರುಗಿ ಕೂತು ಬಹಳ ಮರ್ಯಾದೆಯಿಂದ ಅವನಿಗೆ ಹೇಳಿದಳು. ಅವನು ಟೊಪ್ಪಿಗೆ ತೆಗೆದ. ಎದ್ದು ನಿಂತು ನನಗೆ ತಲೆ ಬಾಗಿಸಿದ. ನನ್ನ ಹೊಟ್ಟೆ ತಣ್ಣಗಾಯಿತು. ಆದರೆ ಹಿಂದಿನಿಂದ ಹೆಂಡತಿಯ ದನಿ ಬಂತು.

"ಏನಂತ ಹೇಳಿದ್ರಿ ಅವಗ?"

ಮ್ಯಾಡಂ ಹೇಳಿದಳು. ನನ್ನ ಹೆಂಡತಿ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು.

"ಯಾವ ಶಾಸ್ತ್ರ ರೀ ಅದು? ನಿಮ್ಮವ್ವ ಸುತ್ತಲಿನ ಹಳ್ಳಿ ಮಗ್ಗಕ್ಕೆಲ್ಲ ನೂಲ ತಗದು ಕೊಟ್ಟಾಕಿ. ಅವಾಗ ಮುನೀಲಾರದ ದೇವರು ಈಗ ವಿಮಾನ ಹತ್ತಿ ಬಂದು ಮುನೀತಾನೇನು?"

ಮ್ಯಾಡಂಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅದನ್ನೂ ಅವನಿಗೆ ದಾಟಿಸಿದಳು. ಅವನು ಮಾತ್ರ ನಗಲಿಲ್ಲ. ಟೊಪ್ಪಿಗೆ ಇಟ್ಟುಕೊಂಡು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಅವನಿಗೆ ತಿಳಿಯಿತು. ನಕ್ಕಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಕೋಣೆಗೆ ಬಂದ ಮೇಲೆ ಹೇಳಿದೆ, "ಆ ನೂಲ ಕೊಡಬ್ಯಾಡ."

ಅವಳು ಹುಣಸೆಹಣ್ಣು ಹಿಚುಕಿ ಬೀಜ ಬೇರೆ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ವರ್ಷದ ಮ್ಯಾಲಾತು ಅಟ್ಟದ ಮ್ಯಾಲ ಬಿದ್ದು. ನುಸಿ ತಿಂದ ಮ್ಯಾಲ ನೇಯಾವ್ರ ಏನು?"

"ಚಲೋ ನೂಲು ಅಂತ ತಗದಿಟ್ಟಿನಿ. ಗಡಿಬಿಡಿಯಾಗ ನೇದು ಕೆಡಸಬೇಕಿತ್ತ?"

"ಚಲೋ ಐತಿ ಅಂತ ನನ್ನ ಮುಂದ ಒಂದಿನಾನೂ ಅಂದಿಲ್ಲ ನೀವು. ಇವತ್ತ ಮೊದಲ ಸಲ ಕೇಳಾಕತ್ತೀನಿ." ಬೀಜ ನೀರಿಗೆ ಹಾಕಿದಳು. "ಅರ್ಧ ಕೊಡ್ತೀನಿ. ನಾ ತಗದದ್ದು ಅರಿವಿ ಆಗಿ ಹ್ಯಾಂಗ ಕಾಣ್ತೈತಿ, ನನಗ ನೋಡಬೇಕಾಗೈತಿ."

ನೂಲು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಕೆನ್ನೆಗೆ ಹಿಡಿದು ಸುಮ್ಮನೆ ಪಕ್ಕಕ್ಕೆ ಇಟ್ಟರೆ ಅದೇ ಹೊಗಳಿಕೆ. ಅವಳಿಗೆ ಅದು ಗೊತ್ತಿಲ್ಲವೇ? ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಅವಳು ಅಡಿಗೆಮನೆಯವರನ್ನು ಒಲಿಸಿಕೊಂಡು, ಅವರ ಮೂರು ಕಾಲಿನ ಅರೆಯುವ ಕಲ್ಲಿನ ಮೇಲೆ ಬೀಜ ಅರೆದು ಗಂಜಿ ಕಾಸಿದಳು. ಅಂಗಳದ ಕಂಬದಿಂದ ಕಂಬಕ್ಕೆ ಎಳೆಗಳನ್ನು ಬಿಗಿದರು. ಸಣ್ಣ ಹಾಸು, ಒಂದು ಶಾಲಿನಷ್ಟು ಅಗಲ. ಮಂದಿ ಸುತ್ತ ನಿಂತರು. ಅವಳು ಬ್ರಶ್ಶು ಹಿಡಿದು ಈ ಕಡೆ ನಿಂತು ನನ್ನತ್ತ ನೋಡಿದಳು. "ಬರ್ರಿ, ಆ ಕಡಿ ನಿಂದ್ರಿ."

"ಯಾರ ಮಗ್ಗಕ್ಕ ಏರ್ತೈತೋ ಅಂವ ನಿಂದರ್ಲಿ" ಎಂದೆ. ಕಂಬಕ್ಕೆ ಒರಗಿ ಕೈ ಕಟ್ಟಿದೆ.

ಅವನು ನಿಂತ. ಪಾಪ, ಅವರಲ್ಲಿ ಗಂಜಿಯ ಪದ್ಧತಿಯೇ ಬೇರೆ ಇರಬೇಕು. ಕುದುರೆಯ ಮೈ ತಿಕ್ಕಿದ ಹಾಗೆ ತಿಕ್ಕತೊಡಗಿದ. ಅವಳು ಮುಂದೆ ಹೋದರೆ ಅವನು ಹಿಂದೆ, ಅವನು ಮುಂದೆ ಹೋದರೆ ಅವಳು ಹಿಂದೆ. ಎಳೆಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟತೊಡಗಿದವು. "ಹಂಗಲ್ಲಪಾ, ಹಂಗಲ್ಲ, ಹಗೂರಕ" ಎಂದಳು. ಅವನಿಗೆ ತಿಳಿಯಲಿಲ್ಲ. ಅವಳು ಎಳೆಗಳ ಮೇಲಿನಿಂದ ಕೈ ಚಾಚಿ, ಅವನ ಮಣಿಕಟ್ಟು ಹಿಡಿದು, ಹೀಗೆ, ಹೀಗೆ ಎಂದು ತೋರಿಸಿದಳು.

ನಾನು ಯಾವಾಗ ಕಂಬ ಬಿಟ್ಟೆನೋ ನನಗೇ ಗೊತ್ತಿಲ್ಲ. "ತಾ ಇಲ್ಲಿ" ಎಂದೆ. ಅವನಿಗೆ ಕನ್ನಡ ಬರುವುದಿಲ್ಲ, ಆದರೆ ಬ್ರಶ್ಶು ಕೊಟ್ಟ. ಅವಳು ತನ್ನ ಬ್ರಶ್ಶನ್ನು ಗಂಜಿಯಲ್ಲಿ ಅದ್ದಿ ನಡೆಯತೊಡಗಿದಳು. ನಾನೂ ನಡೆದೆ. ಕಾಲಿಗೆ ಲೆಕ್ಕ ಗೊತ್ತಿತ್ತು. ಅವಳ ಬ್ರಶ್ಶು ಇಳಿದಾಗ ನನ್ನದು ಇಳಿಯಿತು, ಅವಳದು ಎದ್ದಾಗ ನನ್ನದು ಎದ್ದಿತು. ಗಂಟು ಕಟ್ಟಿದ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಮಂದಿ ಹಿಂದೆ ಸರಿದು ದಾರಿ ಬಿಟ್ಟರು.

ಅಂಗಳದ ನಡುವೆ ಬಂದಾಗ ನನಗೆ ಹೊಳೆಯಿತು: ನಾನೇ ನನ್ನ ಕೈಯಾರೆ ಅವನ ಮಗ್ಗಕ್ಕೆ ಹಾಸು ಸಿದ್ಧ ಮಾಡುತ್ತಿದ್ದೇನೆ. ಬ್ರಶ್ಶು ಎಸೆಯಬಹುದಿತ್ತು. ಆದರೆ ನಡುವೆ ನಿಂತರೆ ಗಂಜಿ ಒಣಗಿ ಹಾಸು ಪೂರ್ತಿ ಕೆಡುತ್ತದೆ. ಕೆಟ್ಟ ಹಾಸು ಬಿಟ್ಟು ಬಂದವನು ಎಂದು ನಾನು ಆ ದೇಶದಲ್ಲೂ ಅನ್ನಿಸಿಕೊಳ್ಳಲಾರೆ. ತುದಿಯವರೆಗೂ ಹೋದೆ. "ಇಷ್ಟ ದಿನದಾಗ ಇಷ್ಟ ಚಲೋ ಗಂಜಿ ನೀವು ಊರಾಗೂ ಹಚ್ಚಿಲ್ರಿ" ಎಂದಳು ಅವಳು, ಎಳೆ ಮುಟ್ಟಿ ನೋಡಿ. ಅದು ಹೊಗಳಿಕೆಯೋ ಚುಚ್ಚು ಮಾತೋ ಇನ್ನೂ ಬಗೆಹರಿದಿಲ್ಲ.

ಮಗ್ಗ ಏರಿಸಿದ ಮೇಲೆ ಅವಳು ಸೊಂಟದ ಚೀಲದಿಂದ ನಮ್ಮ ದೇವರ ಅರಿಷಿಣದ ಭಂಡಾರ ಒಂದು ಚಿಟಿಕೆ ತೆಗೆದು ಅವನ ಮಗ್ಗದ ಮೇಲೆ ಹಾರಿಸಿದಳು. ಅವನು ತನ್ನ ದೇವರನ್ನು ನೆನೆದು ಎದೆ ಮುಟ್ಟಿಕೊಂಡ. ಎರಡು ದಿನ ನೇಯ್ದ. ನಾನು ಅವನ ಹಿಂದೆ ನಿಂತು ನೋಡಿದೆ. ಬಡಿತ ಸ್ವಲ್ಪ ಜೋರು. ಲಾಳಿ ತಿರುಗುವಾಗ ಅಂಚಿನಲ್ಲಿ ಒಂದಿಷ್ಟು ಸಡಿಲ ಬಿಡುತ್ತಿದ್ದ. ಅದನ್ನು ಬಿ‌ಟ್ಟರೆ ಹೇಳುವಂಥದ್ದು ಏನೂ ಸಿಗಲಿಲ್ಲ, ಹುಡುಕುವಷ್ಟು ಹುಡುಕಿದೆ. ನಾವು ಹೊರಡುವ ದಿನ ಅವನು ನೇಯ್ದದ್ದನ್ನು ಕತ್ತರಿಸಿ, ದೊಡ್ಡ ಭಾಗ ತಾನು ಇಟ್ಟುಕೊಂಡು, ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕೊಟ್ಟದ್ದು ಅವಳಿಗಲ್ಲ, ನನಗೆ. ಅದನ್ನು ನಾನು ತಕ್ಷಣ ಅವಳ ಕೈಗೆ ದಾಟಿಸಿದೆ, ಬಿಸಿ ಪಾತ್ರೆಯನ್ನು ದಾಟಿಸಿದ ಹಾಗೆ.

ಊರಿಗೆ ಬಂದ ಮರುದಿನವೇ ಕುಣಿ ಸ್ವಚ್ಛ ಮಾಡಿದೆ. ಆರ್ಡರಿನವರು ಫೋನು ಮಾಡಿದರೆ ಎತ್ತಲಿಲ್ಲ. ಉಳಿದ ಅರ್ಧ ನೂಲಿಗೆ ಗಂಜಿ ಹಚ್ಚಿಸಿ, ಮಗ್ಗ ಏರಿಸಿ, ಕೂತೆ. "ಈಗ ಪುರುಸೊತ್ತ ಎಲ್ಲಿಂದ ಬಂತ್ರಿ?" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ನಾನು ಲಾಳಿಯಿಂದ ಕಣ್ಣು ಎತ್ತಲಿಲ್ಲ. ಅಷ್ಟು ಬಿಗಿ ಅಂಚು, ಅಷ್ಟು ಸಮ ಬಡಿತ, ನನ್ನ ಜನ್ಮದಲ್ಲಿ ನಾನು ನೇಯ್ದಿಲ್ಲ. ಮಗ್ಗದಿಂದ ಇಳಿಸಿ, ಅಂಗಳದಲ್ಲಿ ಅವನ ತುಂಡಿನ ಪಕ್ಕ ಹಾಸಿದೆ. "ನೋಡು" ಎಂದೆ.

ಅವಳು ಕೂತು, ಕಣ್ಣು ಮುಚ್ಚಿ, ಅಂಗೈಯನ್ನು ನನ್ನದರ ಮೇಲೆ ಆಡಿಸಿದಳು. ಆಮೇಲೆ ಅವನದರ ಮೇಲೆ. ಮತ್ತೆ ನನ್ನದರ ಮೇಲೆ. ಆ ಕೈ ಎಲ್ಲಿ ನಿಲ್ಲುತ್ತದೆ ಎಂದು ನಾನು ನೋಡುತ್ತಿದ್ದೆ.

"ಹೇಳು, ಯಾವುದು ಚಲೋ?"

"ಎರಡೂ ನನ್ನ ನೂಲ ಅಲ್ಲೇನ್ರಿ?" ಎಂದಳು.

ನನ್ನ ಕಂಬಳಿಯನ್ನು ಮಡಚಿ, ಬೇವಿನ ಸೊಪ್ಪು ಇಟ್ಟು, ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದಳು. ಅಂಥದ್ದನ್ನು ದಿನಾ ಬಳಸಿ ಕೆಡಿಸಬಾರದಂತೆ. ಅವನ ತುಂಡು ಅವಳ ರಾಟಿಯ ಪಕ್ಕದಲ್ಲೇ ಇರುತ್ತದೆ. ಹೊಸ ಉಂಡೆಗಳ ಮೇಲೆ ಧೂಳು ಬೀಳದಂತೆ ಅದನ್ನು ಹೊದಿಸುತ್ತಾಳೆ, ಕೈ ಒರೆಸುತ್ತಾಳೆ, ಚಳಿಯಾದರೆ ಮೊಣಕಾಲ ಮೇಲೆ ಹಾಕಿಕೊಳ್ಳುತ್ತಾಳೆ. ಕುಣಿಯಲ್ಲಿ ಕೂತರೆ ನನ್ನ ಕಣ್ಣಿಗೆ ನೇರ ಬೀಳುವುದು ಅದೇ.

ಮೊನ್ನೆ ಅದರ ಅಂಚಿನ ಒಂದು ಎಳೆ ಬಿಚ್ಚಿತು. "ಏನ್ರಿ, ಇದನ್ನೊಂದೀಟು ಹೊಲ್ದು ಕೊಡ್ರಿ" ಎಂದಳು. ನನ್ನ ಕೈಯಿಂದ ಆಗುವುದಿಲ್ಲ, ನೇಯ್ದವನನ್ನೇ ಕೇಳು ಎಂದೆ. ಅವಳು ಅದನ್ನು ಮಗ್ಗದ ದಿಂಡಿನ ಮೇಲೆ ಇಟ್ಟು ನೀರಿಗೆ ಹೋದಳು. ಅವಳು ಬರುವಷ್ಟರಲ್ಲಿ ಹೊಲಿದಿಟ್ಟಿದ್ದೆ. ಅವನು ನೇಯ್ದದ್ದಕ್ಕಿಂತ ಬಿಗಿಯಾಗಿ.